ದೀಪದ ಬಳೆ

ನವೆಂಬರ್ 2

ಕಡಲ ದಂಡೆಯೂ ಕೈಬಿಟ್ಟಿತು. ಉಪ್ಪಿನ ಗೋದಾಮಿನ ಹಿಂದಿನ ಮರಳು ದಿಣ್ಣೆ, ನಮ್ಮ ನಕ್ಷತ್ರ ಬಳಗದವರು ಇಷ್ಟು ವರ್ಷ ಚಾಪೆ ಹಾಸಿಕೊಂಡು ಆಕಾಶ ನೋಡಿದ ಜಾಗ, ಇವತ್ತು ಅಂಗಡಿ ಬೀದಿಯ ಹಾಗೆ ಬೆಳಗುತ್ತಿದೆ. ಬಂದರಿನಿಂದ ಮೀನು ಇಳಿಸುವ ಕಟ್ಟೆಯವರೆಗೆ ಸಾಲಾಗಿ ಹೊಸ ದೀಪ. ನಗರಸಭೆಯ ಕೆಲಸ. ಗುತ್ತಿಗೆ ಹಿಡಿದ ಮಹಾನುಭಾವ ಯಾರು? ನನ್ನ ಮನೆಯ ಅಳಿಯ! ಊರಿನಲ್ಲಿ ಕಂಬ ಹತ್ತುವವರು ಬೇರೆ ಯಾರೂ ಹುಟ್ಟಿಲ್ಲವೇನೋ.

ಈ ಪುಸ್ತಕದಲ್ಲಿ ಅವನನ್ನು ಫ್ಲಡ್‌ಲೈಟು ಎಂದೇ ಬರೆಯುತ್ತೇನೆ. ಹೆಸರು ಹಿಡಿದು ಬರೆಯುವಷ್ಟು ಸಲಿಗೆ ನನಗೂ ಅವನಿಗೂ ಇಲ್ಲ. ಮೊದಲ ಸಲ ಮನೆಗೆ ಬಂದಾಗ ಚಹಾ ಕುಡಿಯುವ ಮೊದಲೇ ನಮ್ಮ ಮೆಟ್ಟಿಲಿನ ಬಲ್ಬು ಬದಲಾಯಿಸಿದವನು ಅವನು. "ಇಲ್ಲಿ ಕತ್ತಲೆ ಜಾಸ್ತಿ ಇದೆ ಮಾವ" ಎಂದಿದ್ದ. ಕತ್ತಲೆಯನ್ನೇ ತಪ್ಪು ಎಂದುಕೊಂಡವನಿಗೆ ನಾನು ಮಗಳನ್ನು ಕೊಡಲಿಲ್ಲ. ಅವಳೇ ಹೋದಳು.

ಪ್ರತಿ ದೀಪಕ್ಕೂ ತಗಡಿನ ಟೋಪಿ ಮಾಡಿಸಿ ಹಾಕಿದ್ದಾನಂತೆ, ಬೆಳಕು ಮೇಲಕ್ಕೆ ಹೋಗದ ಹಾಗೆ. "ನಿಮಗೋಸ್ಕರಾನೇ ಹಾಕಿಸಿದ್ದು ಅಪ್ಪಾ" ಎಂದಳು ಮಗಳು ಫೋನಿನಲ್ಲಿ. ಟೋಪಿ ಹಾಕಿದ್ದು ದೀಪಕ್ಕಲ್ಲ, ನನಗೆ. ಬೆಳಕು ಮೇಲೆ ಹೋಗದಿದ್ದರೆ ದಿಣ್ಣೆಯ ಮೇಲಿನ ನಕ್ಷತ್ರಗಳನ್ನು ಯಾರು ನುಂಗಿದರು?

ಇರಲಿ. ಈ ಹಾಳು ಊರಿನ ಸುತ್ತ ಎಲ್ಲಾದರೂ ಒಂದು ಕತ್ತಲೆಯ ಜಾಗ ಉಳಿದಿರಲೇಬೇಕು. ಚಳಿಗಾಲ ಮುಗಿಯುವುದರೊಳಗೆ ಅದನ್ನು ಹುಡುಕದಿದ್ದರೆ ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್ಸ್‌ಪೆಕ್ಟರಾಗಿದ್ದವನೇ ಅಲ್ಲ.

ನವೆಂಬರ್ 6

ಅಮಾವಾಸ್ಯೆ ಕಳೆದ ಮರುದಿನ. ಔಷಧಿ ಅಂಗಡಿಯವನ ಕಾರಿನಲ್ಲಿ ನೀರಿನ ಟ್ಯಾಂಕಿನ ಗುಡ್ಡಕ್ಕೆ ಹೋಗಿ ಬಂದೆವು. ಬಳಗದಲ್ಲಿ ಈಗ ಉಳಿದಿರುವವರು ನಾನು, ಅವನು, ಹೊಲಿಗೆ ಕಲಿಸುವ ಟೀಚರಮ್ಮ. ಉಳಿದವರೆಲ್ಲ ಟಿವಿ ಮುಂದೆ ಕುಳಿತು ಕೆಟ್ಟಿದ್ದಾರೆ.

ಜಾಗ ನೋಡುವುದಕ್ಕೆ ಒಂದು ಕ್ರಮವಿದೆ. ಕಾರಿನ ಮೂತಿ ರಸ್ತೆಯ ಕಡೆಗೆ ತಿರುಗಿಸಿ ನಿಲ್ಲಿಸಬೇಕು, ವಾಪಸು ಹೊರಡುವಾಗ ಬೇರೆಯವರ ಕಣ್ಣಿಗೆ ಬೆಳಕು ಹೊಡೆಯಬಾರದು. ಟಾರ್ಚಿಗೆ ಕೆಂಪು ಕಾಗದ ಸುತ್ತಬೇಕು. ಕಣ್ಣು ಕತ್ತಲೆಗೆ ಹೊಂದುವ ತನಕ ಬಾಯಿ ಮುಚ್ಚಿಕೊಂಡು ಕೂರಬೇಕು. ಆಮೇಲೆ ತೂಕ. ಜಾಗ ತೂಗುವುದಕ್ಕೆ ನನ್ನ ಕಲ್ಲು ಯಾವಾಗಲೂ ಕೃತ್ತಿಕೆಯೇ. ಆ ಪುಟ್ಟ ಗೊಂಚಲಿನಲ್ಲಿ ಆರು ಚುಕ್ಕೆ ಕಂಡರೆ ಜಾಗ ಪರವಾಗಿಲ್ಲ, ಏಳು ಕಂಡರೆ ಒಳ್ಳೆಯದು. ದಿಣ್ಣೆಯ ಮೇಲೆ ನನಗೆ ಒಂಬತ್ತು ಕಂಡದ್ದುಂಟು.

ಇವತ್ತು ನಾಲ್ಕು. ಅದೂ ಒಂದಕ್ಕೊಂದು ಅಂಟಿಕೊಂಡ ಹಾಗೆ.

"ಜಾಗ ಚೆನ್ನಾಗಿದೆ, ನಂಗೆ ಏಳು ಸಿಕ್ತು" ಎಂದ ಔಷಧಿಯವನು. ಟೀಚರಮ್ಮನೂ ಹೂಂಗುಟ್ಟಿದರು. ನನಗೆ ಪಿತ್ತ ನೆತ್ತಿಗೇರಿತು. ಮುಕ್ಕಾಲು ಕಿಲೋ ಕಟ್ಟಿ ಒಂದು ಕಿಲೋ ಎಂದು ಹೇಳುವ ಅಂಗಡಿಯವನ ಮುಖವನ್ನು ನಾನು ಕತ್ತಲೆಯಲ್ಲೂ ಗುರುತಿಸುತ್ತೇನೆ. ಆಕಾಶ ಪೂರ್ತಿ ಹಾಲು ಚೆಲ್ಲಿದ ಹಾಗೆ ಬೆಳ್ಳಗಿದೆ, ಇವನಿಗೆ ಏಳಂತೆ!

"ಮೊದಲು ನಿನ್ನ ಕಣ್ಣು ಪರೀಕ್ಷೆ ಮಾಡಿಸ್ಕೋ" ಎಂದೆ.

"ನಾನು ವರ್ಷ ವರ್ಷ ಮಾಡಿಸ್ತೀನಿ. ನೀವು ಯಾವಾಗ ಮಾಡಿಸಿದ್ರಿ?" ಎಂದ. ಮೇಲೊಂದು ಗಾದೆ ಬೇರೆ: "ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ."

ಇಲಾಖೆಗೆ ಹೊಸದಾಗಿ ಸೇರಿದ ಹುಡುಗರಿಗೆ ನಾನು ಹೇಳಿಕೊಡುತ್ತಿದ್ದ ಮೊದಲ ಪಾಠ ಇದು: ಅಂಗಡಿಗೆ ಕಾಲಿಡುವ ಮೊದಲು ನಿನ್ನ ಚೀಲದ ಕಲ್ಲುಗಳು ಸರಿಯಿವೆಯೇ ನೋಡಿಕೋ, ಆಮೇಲೆ ಅಂಗಡಿಯವನ ಕಲ್ಲಿಗೆ ಕೈ ಹಾಕು. ಔಷಧಿಯವನಂಥವರಿಗೆ ಅಂಥ ಪಾಠ ಯಾರು ಹೇಳಬೇಕು?

ನವೆಂಬರ್ 7

ಇವಳು ಲೋಟ ಇಟ್ಟ ಜಾಗ ಸರಿಯಿಲ್ಲದೆ ಚಹಾ ಮೇಜಿನ ಮೇಲೆ ಚೆಲ್ಲಿತು. "ಕನ್ನಡಕ ಒರೆಸ್ಕೊಳ್ಳಿ ಅಂದ್ರೆ" ಎಂದಳು. ಒರೆಸಿಯೇ ಇತ್ತು. ಮದುವೆಯಾದಂದಿನಿಂದ ಎಲ್ಲ ತಪ್ಪೂ ನನ್ನ ಕನ್ನಡಕದ್ದೇ.

ನವೆಂಬರ್ 19

ಸ್ಕೂಟರು ಗೇಟಿಗೆ ಉಜ್ಜಿ ಹ್ಯಾಂಡಲ್ ತಿರುಚಿದೆ. ಸಂಜೆಯ ಹೊತ್ತು ಎದುರು ಮನೆಯವನು ಹೊಸ ಬಲ್ಬು ಹಾಕಿ ಅದರ ಬೆಳಕನ್ನು ನೇರ ನನ್ನ ಕಣ್ಣಿಗೆ ಬಿಟ್ಟಿದ್ದಾನೆ. ಹೋಗಿ ಕೂಗಾಡಿ ಬಂದೆ. "ಸಾರ್, ಅದು ಹೋದ ವರ್ಷದ ಬಲ್ಬು" ಎಂದ. ಸುಳ್ಳು ಹೇಳುವುದಕ್ಕೂ ಒಂದು ಮಿತಿ ಬೇಡವೇ!

ಇನ್ನು ಮೇಲೆ ನಾನು ಸ್ಕೂಟರು ಮುಟ್ಟಬಾರದಂತೆ. ಹೆಂಡತಿ, ಮಗಳು ಇಬ್ಬರೂ ಸೇರಿ ತೀರ್ಪು ಕೊಟ್ಟಿದ್ದಾರೆ. ಎಲ್ಲಿಗೆ ಹೋಗಬೇಕಾದರೂ ಫ್ಲಡ್‌ಲೈಟಿನ ವ್ಯಾನಿನಲ್ಲಿ ಹೋಗಬೇಕು. ಕಟುಕನ ಬಂಡಿಯಲ್ಲಿ ಕುರಿ ಮೆರವಣಿಗೆ.

ಡಿಸೆಂಬರ್ 2

ಉಪ್ಪಿನ ಗದ್ದೆಗಳಿಗೆ ಹೋಗಿದ್ದೆವು, ನಾನು ಮತ್ತು ಫ್ಲಡ್‌ಲೈಟು. ಊರಿನಿಂದ ಎಷ್ಟೋ ದೂರ. ಹತ್ತಿರದಲ್ಲಿ ಮನೆಯಿಲ್ಲ, ಮಠವಿಲ್ಲ, ಪಾತಿ ಕಟ್ಟಿದ ನೀರು, ನಡುವೆ ಒಡ್ಡು. ಇಲ್ಲಿ ಸಿಗದ ಕತ್ತಲೆ ಇನ್ನೆಲ್ಲೂ ಸಿಗದು ಎಂದು ಎರಡು ವಾರ ಕಾದಿದ್ದೆ.

ವ್ಯಾನನ್ನು ಅವನು ರಸ್ತೆಗೆ ಮೂತಿ ಮಾಡಿ ನಿಲ್ಲಿಸಿದ. ಟಾರ್ಚಿಗೆ ಕೆಂಪು ಕಾಗದ ಸುತ್ತಿ ತಂದಿದ್ದ. ಯಾರು ಹೇಳಿಕೊಟ್ಟರೋ. ಒಡ್ಡಿನ ಮೇಲೆ ನಡೆಯುವಾಗ ಮೊಣಕೈ ಹಿಡಿದುಕೊಂಡ, ಕೊಡವಿದರೂ ಬಿಡಲಿಲ್ಲ. "ಟಾರ್ಚು ಹಾಕೋ ಮಾರಾಯ, ಒಡ್ಡು ಕಾಣ್ತಿಲ್ಲ" ಎಂದೆ. "ಹಾಕಿದೀನಿ ಮಾವ" ಎಂದ. ಅಗ್ಗದ ಬ್ಯಾಟರಿ ಹಾಕಿದ್ದಾನೆ.

ಚಾಪೆ ಹಾಸಿ ಮಲಗಿದೆವು. ಕೃತ್ತಿಕೆ ಎಲ್ಲಿದೆ ಎಂದು ಹುಡುಕಬೇಕಾಯಿತು. ನಾನು, ಕೃತ್ತಿಕೆಯನ್ನು ಹುಡುಕುವುದು! ಕೊನೆಗೆ ಸಿಕ್ಕಿತು, ಹೆಬ್ಬೆರಳಿನಿಂದ ಒರೆಸಿದ ಸುಣ್ಣದ ಗುರುತಿನ ಹಾಗೆ.

"ನಿನಗೆ ಎಷ್ಟು ಕಾಣುತ್ತೆ?" ಎಂದೆ.

"ನಿಮಗೆ ಎಷ್ಟು ಕಾಣುತ್ತೆ ಮಾವ?"

"ಮೂರು. ಅದೂ ಕಷ್ಟದಿಂದ."

ಅವನು ಮತ್ತೊಮ್ಮೆ ಮೇಲೆ ನೋಡಿದ. ಆಮೇಲೆ, "ಹೂಂ ಮಾವ. ನನಗೂ ಮೂರೇ" ಎಂದ.

ಔಷಧಿಯವನಿಗಿಂತ ಇವನೇ ವಾಸಿ. ನನ್ನ ಮುಂದೆ ಏಳು ಎನ್ನುವ ಧೈರ್ಯ ಮಾಡಲಿಲ್ಲ.

ಎದ್ದು ಕುಳಿತು ಊರಿನ ಕಡೆ ತಿರುಗಿದಾಗ ಕಳ್ಳ ಸಿಕ್ಕಿಬಿದ್ದ. ಅಷ್ಟು ದೂರದಲ್ಲಿ, ದಂಡೆಯ ಆ ಹೊಸ ದೀಪಗಳ ಸಾಲು. ಒಂದೊಂದು ದೀಪದ ಸುತ್ತಲೂ ಒಂದೊಂದು ಬಳೆ! ಒಳಗಡೆ ನೀಲಿ, ಹೊರಗಡೆ ಕೆಂಪು. ಗಾಜು ಕೆಟ್ಟದ್ದು, ಬೇರೇನಲ್ಲ. ಕೆಟ್ಟ ಗಾಜು ಬೆಳಕನ್ನು ಎಲ್ಲ ಕಡೆಗೂ ಎರಚುತ್ತಿದೆ, ಅದು ಗುಡ್ಡಕ್ಕೂ ಬಂತು, ಉಪ್ಪಿನ ಗದ್ದೆಗೂ ಬಂತು. ಊರಿನ ಸುತ್ತ ಎಲ್ಲಿ ಹೋದರೂ ಜಾಗ ಸಿಗದಿರುವುದಕ್ಕೆ ಕಾರಣ ನನ್ನ ಪಕ್ಕದಲ್ಲೇ ಮಂಡಿ ಅಪ್ಪಿಕೊಂಡು ಕುಳಿತಿದೆ. ನಾನು ಅವನಿಗೆ ಏನೂ ಹೇಳಲಿಲ್ಲ. ಸಾಕ್ಷಿ ಸಿಕ್ಕಿದ ಮೇಲೆ ಇನ್ಸ್‌ಪೆಕ್ಟರು ಕೂಗಾಡುವುದಿಲ್ಲ.

ಡಿಸೆಂಬರ್ 3

ನಗರಸಭೆಗೆ ದೂರು ಕೊಟ್ಟು ಬಂದೆ. ದೀಪಗಳ ಗಾಜು ಕಳಪೆ, ಖುದ್ದಾಗಿ ಸ್ಥಳದಲ್ಲೇ ತೋರಿಸುತ್ತೇನೆ, ಎಂಜಿನಿಯರು ಬರಲಿ.

ಮಧ್ಯಾಹ್ನ ಮಗಳು ಬಂದಳು. ಚಪ್ಪಲಿ ಕಳಚದೆ ಬಾಗಿಲಲ್ಲೇ ನಿಂತಳು.

"ಅಪ್ಪಾ, ಅವರು ಸ್ವಂತವಾಗಿ ಹಿಡಿದ ಮೊದಲನೇ ಕೆಲಸ ಅದು. ಇಷ್ಟು ವರ್ಷ ಬೇರೆಯವರ ಕೈಕೆಳಗೆ ಏಣಿ ಹತ್ತಿದ್ರು. ಇದು ಹೋದ್ರೆ ನಗರಸಭೆಯವರು ಇನ್ನು ಹತ್ತಿರಕ್ಕೂ ಸೇರಿಸಲ್ಲ."

"ಗಾಜು ಸರಿಯಿದ್ರೆ ಯಾಕೆ ಹೆದರ್ಬೇಕು?"

"ಗಾಜು ಸರಿಯಿದೆ! ನಿಮಗೆ ಅವರನ್ನ ಕಂಡ್ರೆ ಆಗಲ್ಲ, ಅಷ್ಟೇ."

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದೆ. ಗಂಡನ ತಪ್ಪು ಹೆಂಡತಿಗೆ ಕಾಣುವುದಿಲ್ಲ. ಸ್ವಂತ ಸೋದರಮಾವನ ಅಂಗಡಿಯ ತಕ್ಕಡಿಗೆ ದಂಡ ಹಾಕಿದವನು ನಾನು, ಆಮೇಲೆ ಅವರು ಸಾಯುವವರೆಗೂ ನನ್ನ ಜೊತೆ ಮಾತಾಡಲಿಲ್ಲ, ನಾನು ಕೇರ್ ಮಾಡಲಿಲ್ಲ. ಅಳಿಯನಿಗೆ ಬೇರೆ ಕಾನೂನು ಉಂಟೇ?

"ನೀವು ಯಾರ ಜೊತೆ ಮಾತಾಡ್ತೀರಿ ಈಗ, ಹೇಳಿ?" ಎಂದು ಕೇಳಿ ಹೋದಳು.

ಡಿಸೆಂಬರ್ 12

ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಮನೆಯ ಮೆಟ್ಟಿಲುಗಳ ಅಂಚಿಗೆಲ್ಲ ದಪ್ಪನಾಗಿ ಬಿಳಿ ಬಣ್ಣ. ರೈಲ್ವೆ ಪ್ಲಾಟ್‌ಫಾರಮ್ಮಿನ ಹಾಗೆ. ಫ್ಲಡ್‌ಲೈಟಿನ ಕೆಲಸ. ನಾನು ನಿದ್ದೆಯಲ್ಲಿದ್ದಾಗ ಬಂದು ಬಳಿದು ಹೋಗಿದ್ದಾನೆ. ದೂರು ಹಿಂದೆ ತೆಗೆದುಕೊಳ್ಳಲಿ ಎಂದು ಲಂಚ. ಲಂಚ ಕೊಡುವುದಕ್ಕೂ ಬುದ್ಧಿಯಿಲ್ಲ, ಬಣ್ಣ ಕೊಡುತ್ತಾನೆ!

ಬಣ್ಣ ಕೆರೆದು ತೆಗೆಯಲು ಹೇಳಿದೆ. "ಇರ್ಲಿ ಬಿಡಿ, ನನಗೆ ಬೇಕು" ಎಂದಳು ಇವಳು.

ಡಿಸೆಂಬರ್ 15

ಕಲ್ಲು ಕ್ವಾರಿ, ನದಿ ಕಡಲು ಸೇರುವ ಜಾಗ, ಎರಡೂ ಆಯಿತು. ಎರಡೂ ಕಸ. ಈ ಊರನ್ನೇ ಯಾರಾದರೂ ಸ್ವಿಚ್ ಒತ್ತಿ ಆರಿಸಬೇಕು.

ಡಿಸೆಂಬರ್ 22

ಗೆದ್ದೆ.

ಸಂಜೆ ದೀಪ ಹತ್ತಿದ ಮೇಲೆ ಎಲ್ಲರನ್ನೂ ದಿಣ್ಣೆಯ ಹತ್ತಿರ ಸೇರಿಸಿದ್ದೆ. ನಗರಸಭೆಯ ಎಂಜಿನಿಯರು, ಔಷಧಿಯವನು, ಟೀಚರಮ್ಮ, ಫ್ಲಡ್‌ಲೈಟು. ಮಗಳು ವ್ಯಾನಿನಲ್ಲೇ ಕುಳಿತಿದ್ದಳು. ಎಂಜಿನಿಯರು ಮನೆಗೆ ಹೋಗುವ ಅವಸರದಲ್ಲಿದ್ದ, ಬಂದ ಕೂಡಲೇ "ಬೇಗ ತೋರಿಸಿ ಸಾರ್" ಎಂದ.

ತೋರಿಸಿದೆ. "ನೋಡಿ, ಪ್ರತಿ ದೀಪಕ್ಕೂ ಬಳೆ. ಒಳಗೆ ನೀಲಿ, ಹೊರಗೆ ಕೆಂಪು. ಒಳ್ಳೆ ಗಾಜಾದರೆ ಹೀಗೆ ಆಗುತ್ತಾ?"

ಎಂಜಿನಿಯರು ನೋಡಿದ. ಕುತ್ತಿಗೆ ಆ ಕಡೆ ಈ ಕಡೆ ವಾಲಿಸಿದ. "ಎಲ್ಲಿ ಸಾರ್?"

"ಎದುರಿಗೇ ಇದೆಯಲ್ರೀ! ಆ ಮೂರನೇ ಕಂಬ ನೋಡಿ."

ಮೂರನೇ ಕಂಬ ನೋಡಿದ. ಟೀಚರಮ್ಮ ಔಷಧಿಯವನ ಮುಖ ನೋಡಿದರು. ಔಷಧಿಯವನು ತನ್ನ ಚಪ್ಪಲಿ ನೋಡಿಕೊಂಡ. ಇಷ್ಟು ದೊಡ್ಡ ಬಳೆ, ಗಾಡಿಯ ಚಕ್ರದಷ್ಟು ದೊಡ್ಡದು, ಕಣ್ಣೆದುರಿಗಿದ್ದರೂ ಬಾಯಿ ಬಿಡದ ಜನ! ಎಲ್ಲರೂ ಒಂದಾಗಿದ್ದಾರೆ ಎಂದುಕೊಂಡೆ.

"ನನಗೇನೋ..." ಎಂದು ಎಂಜಿನಿಯರು ಶುರು ಮಾಡಿದ. ಅಷ್ಟರಲ್ಲಿ ಹಿಂದಿನಿಂದ ಫ್ಲಡ್‌ಲೈಟು, "ಇದೆ ಸಾರ್" ಎಂದ.

ಎಲ್ಲರೂ ತಿರುಗಿದರು.

"ಬಳೆ ಇದೆ. ಮಾವ ಹೇಳ್ತಿರೋದು ಸರಿ. ಗಾಜು ಸರಿಯಿಲ್ಲ."

"ಏನ್ರೀ, ಗುತ್ತಿಗೆ ನಿಮ್ಮದು. ನೀವೇ ಹೀಗೆ ಹೇಳ್ತೀರಾ?"

"ನಾನೇ ಹೇಳ್ತಿದೀನಿ. ಇಳಿಸ್ಬಿಡ್ತೀನಿ."

"ಬರೆದು ಕೊಡ್ತೀರಾ?"

"ಕೊಡ್ತೀನಿ ಸಾರ್."

ಮೂವತ್ತೊಂದು ವರ್ಷದಲ್ಲಿ ಎಷ್ಟು ಕಳ್ಳ ತಕ್ಕಡಿ ಹಿಡಿದಿಲ್ಲ! ಹಿಡಿದ ಮೇಲೂ ಒಬ್ಬನಾದರೂ ತನ್ನ ಕಲ್ಲು ಸುಳ್ಳು ಎಂದು ತಾನಾಗಿ ಒಪ್ಪಿದವನಿಲ್ಲ. ಅಳುತ್ತಾರೆ, ಕಾಲು ಹಿಡಿಯುತ್ತಾರೆ, ಬೇರೆಯವರ ಮೇಲೆ ಹಾಕುತ್ತಾರೆ. ಇವನು ಒಂದೇ ಮಾತಿಗೆ ಒಪ್ಪಿದ. ಸತ್ಯದ ಮುಂದೆ ನಿಲ್ಲಲಾಗಲಿಲ್ಲ ಅವನಿಗೆ. ನನಗೆ ಒಂದು ಗಳಿಗೆ ಒಂಥರಾ ಆಯಿತು, ನಿಜ. ಗೆದ್ದಾಗ ಹಾಗೆ ಆಗುವುದುಂಟು.

ಹೊರಡುವಾಗ ಔಷಧಿಯವನು ನನ್ನ ಹತ್ತಿರ ಬಂದು, "ನಿಮ್ಮ ಅಳಿಯ ದೊಡ್ಡ ಮನುಷ್ಯ ಕಣ್ರೀ" ಎಂದ. ತಪ್ಪು ಒಪ್ಪಿಕೊಂಡವನು ದೊಡ್ಡ ಮನುಷ್ಯನಾದರೆ ಹಿಡಿದವನು ಏನು? ಅದನ್ನು ಹೇಳಲು ಅವನ ನಾಲಿಗೆ ಏಳಲಿಲ್ಲ.

ಮಗಳು ವ್ಯಾನಿನ ಗಾಜು ಏರಿಸಿಕೊಂಡಳು.

ಡಿಸೆಂಬರ್ 30

ದಂಡೆಯಲ್ಲಿ ದೀಪ ಇಳಿಸುತ್ತಿದ್ದಾರೆ. ಫ್ಲಡ್‌ಲೈಟೇ ಏಣಿ ಹತ್ತಿದ್ದ. ಇವಳು ನೋಡಿ ಬಂದು ಹೇಳಿದಳು. ಕೆಳಗೆ ಟೋಪಿಗಳನ್ನು ಒಂದರೊಳಗೊಂದು ಪೇರಿಸಿ ಇಟ್ಟಿದ್ದನಂತೆ. ಆಮೇಲೆ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಈ ಮನೆಯಲ್ಲಿ ನನ್ನ ಜೊತೆ ಮಾತಾಡುವುದು ಗಡಿಯಾರ ಒಂದೇ.

ಜನವರಿ 2

ಅಮಾವಾಸ್ಯೆಯ ಹಿಂದಿನ ದಿನ. ದಂಡೆಯಲ್ಲಿ ಒಂದೂ ದೀಪವಿಲ್ಲ. ನನ್ನ ದಿಣ್ಣೆ ನನಗೆ ವಾಪಸು ಬಂದಿತ್ತು. ಚಾಪೆ ಬಗಲಿಗೆ ಸಿಕ್ಕಿಸಿಕೊಂಡು ಒಬ್ಬನೇ ನಡೆದೆ. ಎರಡು ಸಲ ಎಡವಿದೆ, ಇರಲಿ, ಅದು ಕತ್ತಲೆಯ ಲಕ್ಷಣ.

ಮಲಗಿದೆ. ಕಣ್ಣು ಹೊಂದಲಿ ಎಂದು ಕಾದೆ. ಇನ್ನೂ ಕಾದೆ. ತಲೆಯ ಮೇಲೆ ಕೃತ್ತಿಕೆ ಇರಬೇಕಾದ ಕಡೆ ಅದೇ ಸುಣ್ಣದ ಗುರುತು. ರೋಹಿಣಿ ಒಂದು ಮಂಕು ಕೆಂಡ. ಉಳಿದ ಆಕಾಶ ಹಾಲು.

ಯಾವ ದೀಪವೂ ಇಲ್ಲದೆ ಹಾಲು ಎಲ್ಲಿಂದ ಬಂತು? ಬಂದರಿನದಿರಬೇಕು ಎಂದುಕೊಂಡೆ. ಹಡಗುಗಳದಿರಬೇಕು. ಎದ್ದು ಕುಳಿತು ಕಡಲಿಗೂ ಬಂದರಿಗೂ ಬಾಯಿಗೆ ಬಂದ ಹಾಗೆ ಬೈದೆ. ಆಗ ಯಾರೋ ಮೀನುಗಾರ ನೀರಂಚಿನಲ್ಲಿ ನಡೆದು ಹೋಗುತ್ತಿದ್ದವನು ನಿಂತು ಸಿಗರೇಟು ಹಚ್ಚಿದ. ಕಡ್ಡಿ ಗೀರಿದ ಕೂಡಲೇ ಅವನ ಅಂಗೈಯೊಳಗೆ ಒಂದು ಬಳೆ ಕಂಡಿತು. ಒಳಗೆ ನೀಲಿ, ಹೊರಗೆ ಕೆಂಪು.

ಮನೆಗೆ ಬಂದು ಮಾತಾಡದೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿ, ದೀಪ ಆರಿಸಿ, ಕಡ್ಡಿ ಗೀರಿದೆ. ಬಳೆ. ಇನ್ನೊಂದು ಗೀರಿದೆ. ಬಳೆ. ಪೊಟ್ಟಣ ಖಾಲಿಯಾಗುವ ತನಕ ಗೀರಿದೆ, ಎರಡು ಬೆರಳು ಸುಟ್ಟುಕೊಂಡೆ.

ಬೆಂಕಿಕಡ್ಡಿಗೆ ಯಾವ ಗಾಜು? ಯಾವ ಗುತ್ತಿಗೆದಾರ?

ಜನವರಿ 3

ಬರೆಯುವುದಕ್ಕೇನೂ ಇಲ್ಲ.

ಜನವರಿ 5

ಸುಟ್ಟ ಕಡ್ಡಿಗಳನ್ನು ಇವಳೇ ಗುಡಿಸಿದ್ದಾಳೆ. ಇವತ್ತು ಊಟಕ್ಕೆ ಬಡಿಸುತ್ತ, "ಸೋಮವಾರ ಕಣ್ಣಿನ ಡಾಕ್ಟರ ಹತ್ರ ಹೋಗಬೇಕು, ಹೆಸರು ಬರೆಸಿದೀನಿ" ಎಂದಳು.

"ಯಾರು ಹೇಳಿದ್ರು ನಿನಗೆ?"

"ಅಳಿಯಂದ್ರು. ಡಿಸೆಂಬರ್ ಮೊದಲನೇ ವಾರಾನೇ ಹೇಳಿದ್ರು. ಅವತ್ತು ಉಪ್ಪಿನ ಗದ್ದೇಲಿ ಕೈಯಲ್ಲಿದ್ದ ಟಾರ್ಚು ನಿಮಗೆ ಕಾಣ್ಲಿಲ್ಲವಂತೆ. ನೀವು ಕೇಳೋ ಹಾಗಿದ್ರೆ ತಾನೇ ಹೇಳೋದು?"

ಎಲ್ಲರೂ ಬೆನ್ನ ಹಿಂದೆ ಸೇರಿಕೊಂಡು ಮಾತಾಡಿದ್ದಾರೆ. ತಟ್ಟೆ ತಳ್ಳಿ ಎದ್ದೆ. ಎದ್ದು ಎಲ್ಲಿಗೆ ಹೋಗುವುದೆಂದು ತಿಳಿಯದೆ ಮೆಟ್ಟಿಲ ಮೇಲೆ ಕುಳಿತೆ. ಬಿಳಿ ಅಂಚು ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು.

ಜನವರಿ 12

ಎರಡೂ ಕಣ್ಣಿಗೆ ಪೊರೆ. ಡಾಕ್ಟರು ಮಗಳಿಗಿಂತ ಚಿಕ್ಕವಳು. ನನ್ನನ್ನು ಅಜ್ಜ ಎಂದಳು. ಕುರ್ಚಿಯಲ್ಲಿ ಕೂರಿಸಿ ಕೇಳಿದ ಮೊದಲ ಪ್ರಶ್ನೆಯೇ, "ದೀಪ ನೋಡಿದ್ರೆ ಸುತ್ತ ಬಳೆ ಥರ ಕಾಣುತ್ತಾ ಅಜ್ಜ?"

ಜೊತೆಗೆ ಬಂದಿದ್ದ ಇವಳು ನನ್ನ ಮುಖ ನೋಡಲಿಲ್ಲ, ಗೋಡೆ ನೋಡಿದಳು. ಹೌದು ಎಂದೆ.

"ಎಷ್ಟು ದಿನದಿಂದ?"

ನಗರಸಭೆಯಲ್ಲಿ ಕೇಳಿ, ತಾರೀಕು ಸಮೇತ ಇದೆ ಎಂದೆ. ಡಾಕ್ಟರಿಗೆ ಅರ್ಥವಾಗಲಿಲ್ಲ. ಒಳ್ಳೆಯದೇ ಆಯಿತು.

ಚೀಲದ ಕಲ್ಲು ಮೊದಲು ನೋಡಿಕೋ. ಎಷ್ಟು ಹುಡುಗರಿಗೆ ಹೇಳಿದ್ದೇನೆ ಇದನ್ನು. ಮುದ್ರೆ ಒತ್ತಿಸದ ಕಲ್ಲು ಇಟ್ಟುಕೊಂಡು ಇಡೀ ಊರನ್ನು ತೂಗಿದ್ದೇನೆ.

ಜನವರಿ 27

ಬಲಗಣ್ಣಿನ ಆಪರೇಷನ್ ಆಯಿತು. ಕರೆದುಕೊಂಡು ಹೋದವನು ಅಳಿಯ. ಔಷಧಿ ಹಾಕುವ ಹೊತ್ತನ್ನೆಲ್ಲ ನರ್ಸಿನಿಂದ ಎರಡೆರಡು ಸಲ ಕೇಳಿಕೊಂಡ, ನಾನು ಕಿವುಡನೂ ಆಗಿದ್ದೇನೆ ಎನ್ನುವ ಹಾಗೆ. ವ್ಯಾನಿನ ಹಿಂದೆ ಟೋಪಿಗಳು ಗಡಗಡ ಸದ್ದು ಮಾಡುತ್ತಿದ್ದವು. ಅವನ್ನು ಎಲ್ಲಿಡುವುದೆಂದು ತಿಳಿಯದೆ ಹಾಗೇ ಹೊತ್ತು ತಿರುಗುತ್ತಿದ್ದಾನೆ. ಈಗ ಮತ್ತೆ ಬೇರೆಯವರ ಕೈಕೆಳಗೆ ಏಣಿ ಹತ್ತುತ್ತಿದ್ದಾನಂತೆ. ಅವನು ಹೇಳಲಿಲ್ಲ, ನಾನು ಕೇಳಿ ತಿಳಿದೆ.

ಮಗಳು ಬರಲಿಲ್ಲ.

ಫೆಬ್ರವರಿ 9

ಬಲಗಣ್ಣು ಚೊಕ್ಕ. ಬಿಳಿ ಬಟ್ಟೆ ಇಷ್ಟು ಬಿಳಿ ಎಂದು ಮರೆತೇಹೋಗಿತ್ತು. ಇವಳ ಮುಖದಲ್ಲಿ ಇಷ್ಟು ಸುಕ್ಕು ಯಾವಾಗ ಬಂದವು? ಹಾಗೆಂದು ಕೇಳಿದ್ದಕ್ಕೆ, "ನೀವು ಕೂಗಾಡ್ತಾ ಇದ್ದಾಗ" ಎಂದಳು.

ಸಂಜೆ ದಂಡೆಗೆ ಹೋದೆ. ಹೊಸ ಗುತ್ತಿಗೆದಾರ ಬಂದಿದ್ದಾನೆ. ಕಂಬ ಕಂಬಕ್ಕೂ ಕುಂಬಳಕಾಯಿಯಂಥ ಬಿಳಿ ಗೋಳ ಕಟ್ಟಿದ್ದಾನೆ. ಟೋಪಿ ಇಲ್ಲ, ಮರೆ ಇಲ್ಲ. ಅರ್ಧ ಬೆಳಕು ನೇರ ಮೇಲಕ್ಕೆ ಹೋಗುತ್ತದೆ. ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡಿದೆ, ಎಲ್ಲದಕ್ಕೂ ಬಳೆ. ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ ನೋಡಿದೆ, ಬಳೆ ಇಲ್ಲ, ಬರಿ ದೀಪ. ಹಾಗೆ ಒಂದೊಂದು ಕಣ್ಣು ಮುಚ್ಚಿ ತೆರೆಯುತ್ತ ನಿಂತಿದ್ದೆ. ಹಾದುಹೋದ ಹೆಂಗಸೊಬ್ಬಳು ನಾನು ಅವಳಿಗೆ ಕಣ್ಣು ಹೊಡೆದೆ ಎಂದುಕೊಂಡು ಉಗಿದು ಹೋದಳು. ಉಗಿಯಲಿ.

ಈಗ ನಿಜವಾಗಿ ದಿಣ್ಣೆ ಹಾಳಾಗಿದೆ. ಹಾಳು ಮಾಡಿದವನು ಗುತ್ತಿಗೆದಾರನಲ್ಲ. ಇದ್ದ ಒಳ್ಳೆಯ ದೀಪ ಇಳಿಸಿ ಈ ಕುಂಬಳಕಾಯಿಗಳನ್ನು ಹತ್ತಿಸಿದವನು ನಾನು. ಮಾಡಿದ್ದುಣ್ಣೋ ಮಹರಾಯ.

ಫೆಬ್ರವರಿ 20

ಅದೇ ಜನರನ್ನು ಅದೇ ಜಾಗಕ್ಕೆ ಕರೆಸಿದೆ. ಎಂಜಿನಿಯರು ಬರುವುದಿಲ್ಲ ಎಂದಿದ್ದ. ನೀನು ಬರುವ ತನಕ ನಿನ್ನ ಆಫೀಸಿನ ಬಾಗಿಲಲ್ಲಿ ಕೂರುತ್ತೇನೆ ಎಂದೆ, ಕೂತೆ, ಬಂದ. ಅಳಿಯನನ್ನು ಮಾತ್ರ ಕರೆಯಲಿಲ್ಲ.

"ಅವತ್ತು ಬಳೆ ಇದ್ದದ್ದು ನನ್ನ ಕಣ್ಣಲ್ಲಿ. ದೀಪದಲ್ಲಿ ಅಲ್ಲ" ಎಂದೆ.

"ಮತ್ತೆ ನಿಮ್ಮ ಅಳಿಯ ಇದೆ ಅಂದ್ರಲ್ಲ!" ಎಂದು ಎಂಜಿನಿಯರು ರೇಗಿದ. "ನಗರಸಭೆ ಅಂದ್ರೆ ನಿಮ್ಮ ಮನೆ ಅಂಗಳಾನಾ ಸಾರ್, ಮಾವ ಅಳಿಯ ಆಟ ಆಡೋಕೆ?"

ಔಷಧಿಯವನು ಗಂಟಲು ಸರಿಮಾಡಿಕೊಂಡು, "ಅವತ್ತು ನನಗೂ ಬಳೆ ಕಾಣಲಿಲ್ಲ. ಹೇಳಬೇಕಿತ್ತು, ಹೇಳಲಿಲ್ಲ" ಎಂದ. ಅವನಿಗೆ ಬೈಯಲು ಬಾಯಿ ತೆರೆದೆ, ಯಾಕೋ ಬೈಗಳು ಬರಲಿಲ್ಲ. ಟೀಚರಮ್ಮ ಎಂಜಿನಿಯರನ್ನು ಕುಂಬಳಕಾಯಿಯ ಕೆಳಗೆ ನಿಲ್ಲಿಸಿ, ಬೆಳಕು ಎಲ್ಲಿಗೆ ಹೋಗುತ್ತಿದೆ ನೋಡಿ, ನೆಲಕ್ಕೋ ಆಕಾಶಕ್ಕೋ ಎಂದು ಕೇಳಿದರು.

ಅವನು ಬಹಳ ಗೊಣಗಿದ. ಅಳಿಯನ ಹೆಸರು ಈ ವರ್ಷಕ್ಕೆ ಹೊಡೆದು ಹಾಕಿ ಆಗಿದೆಯಂತೆ. ಮೀನು ಕಟ್ಟೆಯಿಂದ ಆಚೆಗಿನ ಕೆಲಸ ಮುಂದಿನ ವರ್ಷಕ್ಕಿದೆಯಂತೆ. "ಆ ಟೋಪಿ ಒಂದು ತಗೊಂಡು ಬಂದು ನನ್ನನ್ನ ನೋಡೋಕೆ ಹೇಳಿ. ನೀವು ಮಾತ್ರ ಬರಬೇಡಿ" ಎಂದ.

ಮರ್ಯಾದೆ ಇಲ್ಲದ ಮನುಷ್ಯ. ಆದರೂ ಟೋಪಿ ತಗೊಂಡು ಬಾ ಎಂದನಲ್ಲ.

ರಾತ್ರಿ ಮಗಳ ಫೋನು. "ಊಟ ಆಯ್ತಾ ಅಪ್ಪಾ?" ಎಂದಳು. ಆಯಿತು ಎಂದೆ. ಇಟ್ಟಳು.

ಮಾರ್ಚ್ 2

ಎಡಗಣ್ಣಿಗೆ ಇನ್ನೂ ದಿನ ಕೊಟ್ಟಿಲ್ಲ. ಬಲಗಣ್ಣು ಸಾಕು ಎಂದು ಉಪ್ಪಿನ ಗದ್ದೆಗೆ ಹೊರಟೆ. ಅಳಿಯ ಕರೆದುಕೊಂಡು ಹೋದ. ಒಡ್ಡಿನ ಮೇಲೆ ಹಳೆಯ ಹಾಗೆಯೇ ಮೊಣಕೈ ಹಿಡಿದುಕೊಂಡ. ಅವನ ಕೈಯ ಕೆಂಪು ಟಾರ್ಚು ಇವತ್ತು ನನಗೆ ಕಾಣುತ್ತಿತ್ತು. ಬಿಡು ಎನ್ನಬೇಕಿತ್ತು, ಮರೆತೆ.

ಚಾಪೆಯ ಮೇಲೆ ಮಲಗಿ ಎಡಗಣ್ಣಿಗೆ ಅಂಗೈ ಮುಚ್ಚಿಕೊಂಡೆ. ಆಕಾಶ ಕಪ್ಪಗಿತ್ತು. ಹಾಲು ಎಲ್ಲೂ ಇರಲಿಲ್ಲ. ಇಂಥ ಜಾಗದಲ್ಲೂ ಕತ್ತಲೆ ಇಲ್ಲ ಎಂದು ಬರೆದಿದ್ದೆ. ಪಶ್ಚಿಮಕ್ಕೆ ವಾಲಿದ ಕೃತ್ತಿಕೆ ಹುಡುಕುವ ಮೊದಲೇ ಸಿಕ್ಕಿತು. ನಿಧಾನವಾಗಿ ಎಣಿಸಿದೆ, ಮತ್ತೆ ಎಣಿಸಿದೆ. ಎಂಟು.

"ನಿನಗೆ ಎಷ್ಟು ಕಾಣುತ್ತೆ?" ಎಂದೆ.

"ನಿಮಗೆ ಎಷ್ಟು ಕಾಣುತ್ತೆ ಮಾವ?"

ಹಾಂ! ಇದೇ. ತೂಗುವ ಮೊದಲು ಗಿರಾಕಿಯ ಮುಖ ನೋಡಿ ತೂಕ ಹೇಳುವವನ ಮಾತು ಇದು. ಇದನ್ನು ನಾನು ಅವತ್ತೇ ಹಿಡಿಯಬೇಕಿತ್ತು.

"ಮೊದಲು ನೀನು ಹೇಳು."

ದೂರದಲ್ಲಿ ಯಾವುದೋ ಹಕ್ಕಿ ನೀರಿಗಿಳಿದ ಸದ್ದು.

"ಏಳು" ಎಂದ.

"ಡಿಸೆಂಬರಲ್ಲಿ ಎಷ್ಟಿತ್ತು?"

"...ಏಳೇ ಮಾವ."

"ದಂಡೆಯ ದೀಪಕ್ಕೆ ಬಳೆ ಇತ್ತಾ?"

"ಇರಲಿಲ್ಲ."

"ಕಳ್ಳ" ಎಂದೆ. "ಸುಳ್ಳುಗಾರ. ಮೂರ್ಖ. ಇದ್ದ ಕೆಲಸ ಕಳೆದುಕೊಂಡು ಈ ಮುದುಕನ ಮಾನ ಕಾಯೋಕೆ ಯಾರು ಹೇಳಿದ್ರು ನಿನಗೆ?" ಇನ್ನೂ ಬಹಳ ಬೈದೆ. ಅವನು ಕತ್ತಲೆಯಲ್ಲಿ ನಗುತ್ತಿದ್ದ ಎಂದು ಕಾಣುತ್ತದೆ, ಚಾಪೆ ಅಲುಗುತ್ತಿತ್ತು. ತನಗೇ ಕಡಿಮೆ ತೂಗಿಕೊಂಡವನನ್ನು ಇಡೀ ಸರ್ವೀಸಿನಲ್ಲಿ ನಾನು ಕಂಡಿರಲಿಲ್ಲ. ಅಂಥವನಿಗೆ ದಂಡ ಹಾಕಲು ನಮ್ಮ ಕಾನೂನಿನಲ್ಲಿ ಒಂದು ಸೆಕ್ಷನ್ನೂ ಇಲ್ಲ.

ನನ್ನ ಬೈಗಳು ಮುಗಿದ ಮೇಲೆ ಅವನು ಕೇಳಿದ: "ಈಗ ನೀವು ಹೇಳಿ ಮಾವ. ನಿಮಗೆ ಎಷ್ಟು ಕಂಡ್ವು?"

ಇನ್ನೊಂದು ಸಲ ಎಣಿಸಿದೆ. ಎಂಟೇ.

"ನನಗೂ ಏಳೇ ಕಣೋ" ಎಂದೆ.